ಗುಬ್ಬಿಯ ಹಾಜರಿ

ನಮ್ಮ ನಾಲ್ವರಿಗೂ ಒಂದೇ ಪಾಸ್‌ವರ್ಡ್ ಇತ್ತು. ಆ ಯೋಚನೆ ಗುಬ್ಬಿಯದು. ಇದನ್ನು ಮೊದಲೇ ಹೇಳಿಬಿಟ್ಟರೆ ನನ್ನ ಪಾಲಿನ ತಪ್ಪು ತುಸು ಹಗುರಾದೀತು ಎಂಬ ಆಸೆ ನನಗಿದೆ, ಸುಳ್ಳೇಕೆ ಹೇಳಲಿ.

ಪುಟ್ಟ ಮಕ್ಕಳಿಗೆ ಕಲಿಸುವವರೆಲ್ಲ ಆ ವರ್ಷ ಇಪ್ಪತ್ನಾಲ್ಕು ವಾರದ ಆನ್‌ಲೈನ್ ಕೋರ್ಸೊಂದನ್ನು ಮುಗಿಸಲೇಬೇಕಿತ್ತು. ಪ್ರಮಾಣಪತ್ರ ಇಲ್ಲದವರು ಮುಂದಿನ ವರ್ಷದಿಂದ ಟೀಚರ್ ಅಲ್ಲ, ಸಹಾಯಕಿ. ಚಾಪೆ ಹಾಸುವುದು, ಮೂಗು ಒರೆಸುವುದು, ಒದ್ದೆ ಚಡ್ಡಿ ಬದಲಿಸುವುದು. ಅವನ್ನೆಲ್ಲ ಟೀಚರ್ ಆಗಿಯೂ ನಾವು ಮಾಡುತ್ತಲೇ ಇದ್ದೆವು. ಆದರೆ ಸಹಾಯಕಿಯ ಮಾತನ್ನು ಯಾವ ತಾಯಿಯೂ ನಿಂತು ಕೇಳುವುದಿಲ್ಲ.

ಕೋರ್ಸಿನಲ್ಲಿ ಒಬ್ಬೊಬ್ಬರೇ ಕಲಿಯುವಂತಿರಲಿಲ್ಲ. ನಾಲ್ವರಿಗೊಂದು ತಂಡ. ವಾರಕ್ಕೊಮ್ಮೆ ಪ್ರತಿಯೊಬ್ಬರೂ ತಂಡದ ಪುಟದಲ್ಲಿ ಒಂದು ಬರಹ ಹಾಕಬೇಕು, ಉಳಿದವರಲ್ಲಿ ಇಬ್ಬರಿಗೆ ಉತ್ತರ ಬರೆಯಬೇಕು, ಶನಿವಾರ ಸಂಜೆ ನಾಲ್ಕಕ್ಕೆ ವಿಡಿಯೋದಲ್ಲಿ ಒಟ್ಟಿಗೆ ಕೂರಬೇಕು. ಇಷ್ಟಾದರೆ ಹೆಸರಿನ ಮುಂದೆ ಹಸಿರು ಚುಕ್ಕೆ ಬೀಳುತ್ತದೆ. ಒಂದು ವಾರ ಬೀಳದಿದ್ದರೆ ಕೋರ್ಸಿನ ಮೇಡಂ ಫೋನ್ ಮಾಡಿ ವಿಚಾರಿಸುತ್ತಾರೆ. ಮೂರು ವಾರ ಬೀಳದಿದ್ದರೆ ಹೆಸರು ತೆಗೆಯುತ್ತಾರೆ. ನಾಲ್ವರಿಲ್ಲದ ತಂಡ ತಂಡವಲ್ಲ. ಉಳಿದ ಮೂವರೂ ಮುಂದಿನ ವರ್ಷ ಮೊದಲಿನಿಂದ ಶುರುಮಾಡಬೇಕು.

ನಾವು ನಾಲ್ವರೂ ಬೇರೆ ಬೇರೆ ಊರಿನವರು. ಒಬ್ಬರನ್ನೊಬ್ಬರು ಎದುರಾಬದುರು ಕಂಡವರಲ್ಲ. ಮೊದಲ ಶನಿವಾರವೇ ನಮಗೆಲ್ಲ ಅಡ್ಡಹೆಸರು ಇಟ್ಟವರು ಡ್ರಾಯಿಂಗ್ ಮೇಷ್ಟ್ರು, ತಂಡದ ಒಬ್ಬನೇ ಗಂಡಸು. ಐವತ್ನಾಲ್ಕರ ಟೀಚರ್ ಹಿರಿಯಕ್ಕ ಆದರು. ನಾನು ಕನ್ನಡಕ. ಎಲ್ಲರಿಗಿಂತ ಚಿಕ್ಕವಳು, ಮಾತಿಗೆ ಮುಂಚೆ ಕತ್ತು ಕೊಂಕಿಸುವವಳು, ಗುಬ್ಬಿ.

"ಅಕ್ಕಾ, ನಿಮ್ಮ ಹಣೆ ಮಾತ್ರ ಕಾಣ್ತಿದೆ, ಫೋನ್ ಸ್ವಲ್ಪ ಕೆಳಗಿಡಿ," ಎಂದಿದ್ದರು ಮೇಷ್ಟ್ರು ಅವತ್ತು.

"ಅಷ್ಟು ಕಂಡ್ರೆ ಸಾಕಲ್ಲಪ್ಪಾ. ಹಣೇಲಿ ಬರೆದಿದ್ದು ಓದ್ಕೊಂಡು ಹೇಳು, ಪಾಸಾಗ್ತೀನಾ ಇಲ್ವಾ ಅಂತ."

ಹಿರಿಯಕ್ಕನಿಗೆ ಮಕ್ಕಳ ವಿಷಯದಲ್ಲಿ ಗೊತ್ತಿಲ್ಲದ್ದಿಲ್ಲ, ಕಂಪ್ಯೂಟರ್ ವಿಷಯದಲ್ಲಿ ಗೊತ್ತಿರುವುದೇನೂ ಇಲ್ಲ. ಮೊದಲ ವಾರದಲ್ಲೇ ಮೂರು ಸಲ ಪಾಸ್‌ವರ್ಡ್ ಮರೆತರು, ನಾಲ್ಕನೇ ಸಲ ಅತ್ತೇಬಿಟ್ಟರು. ಐವತ್ತೈದು ತುಂಬಿದವರನ್ನು ಕೋರ್ಸಿಗೆ ತೆಗೆದುಕೊಳ್ಳುವುದಿಲ್ಲ. ಹಿರಿಯಕ್ಕನಿಗೆ ಮುಂದಿನ ವರ್ಷ ಎಂಬುದೇ ಇರಲಿಲ್ಲ. ಆಗ ಗುಬ್ಬಿ ಹೇಳಿದಳು: "ಅಳ್ಬೇಡಿ ಅಕ್ಕ. ಎಲ್ರದ್ದೂ ಒಂದೇ ಇಟ್ಕೊಂಡ್ಬಿಡೋಣ. ಯಾರಿಗಾದ್ರೂ ಆಗ್ದೇ ಹೋದ್ರೆ ಇನ್ನೊಬ್ರು ಒಳಗೆ ಹೋಗಿ ಹಾಕಿದ್ರಾಯ್ತು. ಮನೆ ಬೀಗದಕೈ ಪಕ್ಕದ್ಮನೇಲಿ ಕೊಟ್ಟಿರಲ್ವಾ, ಹಾಗೆ."

ಹಾಗೆ ನಾವು ಹಿರಿಯಕ್ಕನ ಚುಕ್ಕೆಯನ್ನು ಹಸಿರಾಗಿಟ್ಟೆವು. ಅವರು ಫೋನಿನಲ್ಲಿ ಹೇಳುತ್ತಿದ್ದರು, ನಮ್ಮಲ್ಲೊಬ್ಬರು ಟೈಪ್ ಮಾಡುತ್ತಿದ್ದರು. ಇದರಲ್ಲಿ ಮೋಸ ಏನಿದೆ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಮಾತು ಅವರದೇ ಇತ್ತು.

ನಾನು ಅಣ್ಣನ ಮನೆಯಲ್ಲಿ ಇರುವವಳು. ಅತ್ತಿಗೆ ಪರದೆ ಹೊಲಿದು ಅಂಗಡಿಗಳಿಗೆ ಕೊಡುತ್ತಾರೆ. ಅವರ ಇಸ್ತ್ರಿ ಮೇಜೇ ನನ್ನ ಓದುವ ಮೇಜು. ಶನಿವಾರ ನಾಲ್ಕಕ್ಕೆ ಅವರು ಇಸ್ತ್ರಿಪೆಟ್ಟಿಗೆ ಆರಿಸಿ ಜಾಗ ಬಿಟ್ಟುಕೊಡುವರು. ಮೇಜಿನ ಬಟ್ಟೆ ಇನ್ನೂ ಬೆಚ್ಚಗಿರುತ್ತಿತ್ತು.

"ಮದ್ವೆ ಆದೋರೂ ಇಷ್ಟು ಹೊತ್ತು ಒಬ್ರ ಮುಖ ಒಬ್ರು ನೋಡ್ತಾ ಕೂತಿರಲ್ಲ ಕಣೇ," ಎನ್ನುವರು ಹಿಂದಿನಿಂದ.

ಅವರು ತಮಾಷೆಗೆ ಹೇಳಿದ್ದು ನಿಜವೇ. ನನ್ನದು ನೋಡುವ ಚಟ. ತರಗತಿಯಲ್ಲೂ ಅಷ್ಟೇ, ಇಪ್ಪತ್ತಾರು ಮಕ್ಕಳಲ್ಲಿ ಯಾರಿಗೆ ಜ್ವರ ಬರಲಿದೆ ಎಂಬುದು ಅವರ ತಾಯಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಇಲಿ ಕಂಡರೆ ಹುಲಿ ಎನ್ನುತ್ತೀಯ ಎಂದು ಅಣ್ಣ ರೇಗಿಸುತ್ತಾನೆ. ಆ ಚಟದಿಂದಲೇ ಗುಬ್ಬಿಯ ಚೌಕದಲ್ಲಿ ನಾನು ಒಂದೊಂದನ್ನೂ ಕಂಡಿದ್ದೆ. ಮೊದಮೊದಲು ಅವಳ ಹಿಂದೆ ಕಿಟಕಿ ಇತ್ತು, ಹಳದಿ ಪರದೆ ಇತ್ತು. ಐದನೇ ವಾರ ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಏಳನೇ ವಾರ ಮೆಟ್ಟಿಲ ಮೇಲೆ. ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುವಳು. ಇನ್ನೊಂದು ಕಿವಿ ಮನೆಯ ಕಡೆಗೆ ತೆರೆದೇ ಇರುತ್ತಿತ್ತು. ಮಾತಿನ ನಡುವೆ ಎಲ್ಲೋ ಬಾಗಿಲು ಸದ್ದಾದರೆ ಸಾಕು, ಮ್ಯೂಟ್ ಮಾಡಿ ನಗುಮುಖ ಇಟ್ಟುಕೊಂಡು ಕೂರುವಳು. ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಎಂಟನೇ ವಾರ ಮೇಷ್ಟ್ರೂ ಹಿರಿಯಕ್ಕನೂ ಹೋದಮೇಲೆ ಅವಳನ್ನು ಕೇಳಿದೆ.

"ಮನೇಲಿ ಎಲ್ಲ ಸರಿ ಇದೆಯೇನೇ?"

"ಇದೆ ಕನ್ನಡಕಾ. ಯಾಕೆ?"

"ಮೆಟ್ಟಿಲ ಮೇಲೆ ಕೂತಿದೀಯಲ್ಲ."

"ಇಲ್ಲಿ ಸಿಗ್ನಲ್ ಚೆನ್ನಾಗಿ ಬರತ್ತೆ!" ಎಂದು ಕತ್ತು ಕೊಂಕಿಸಿದಳು. ನಾನು ಮತ್ತೆ ಕೇಳಲಿಲ್ಲ. ಗಂಡ ಹೆಂಡಿರ ನಡುವೆ ಮೂಗು ತೂರಿಸುವವಳು ಎನ್ನಿಸಿಕೊಳ್ಳುವ ಭಯ ಮದುವೆಯಾಗದವಳಿಗೆ ಒಂದು ಪಟ್ಟು ಹೆಚ್ಚು.

ಒಂಬತ್ತನೇ ವಾರ ಅವಳು ಬರಲಿಲ್ಲ. ಶನಿವಾರ ಬೆಳಿಗ್ಗೆಯಾದರೂ ಬರಹ ಹಾಕಿರಲಿಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್. ಮೂವರೂ ಫೋನಿನಲ್ಲಿ ಸೇರಿದೆವು.

"ಮೇಡಂಗೆ ಹೇಳೋಣ," ಎಂದೆ.

"ಹೇಳಿ ಏನ್ ಮಾಡ್ತೀಯಮ್ಮ?" ಎಂದರು ಹಿರಿಯಕ್ಕ. "ಅವ್ಳ ಅತ್ತೆಗೆ ಹುಷಾರಿಲ್ಲ ಅಂತ ಹೋದ್ವಾರ ಹೇಳಿರ್ಲಿಲ್ವಾ? ಆಸ್ಪತ್ರೇಲಿರ್ತಾಳೆ. ಒಂದ್ ವಾರ ನಾವು ಹಾಕಿದ್ರಾಯ್ತು. ನನ್ಗೆ ಅವ್ಳು ಎಷ್ಟು ವಾರ ಹಾಕಿಲ್ಲ?"

"ನಿಮ್ದು ನೀವು ಹೇಳಿ ಬರೆಸಿದ್ದು. ಇದು ಹಂಗಲ್ಲ."

"ಕನ್ನಡಕದ ಟೀಚರ್ ಹಗ್ಗಾನ ಹಾವು ಮಾಡೋಕೆ ಶುರು ಮಾಡಿದ್ರು," ಎಂದರು ಮೇಷ್ಟ್ರು. "ನಾಲ್ಕು ಗಂಟೆಗೆ ನನ್ ಹೆಂಡ್ತಿ ಫೋನಲ್ಲಿ ಗುಬ್ಬಿ ಹೆಸರಲ್ಲಿ ಒಳಗೆ ಬರ್ತೀನಿ. ಕ್ಯಾಮೆರಾ ಕೆಟ್ಟಿದೆ ಅಂತ ಬರೆದ್ರೆ ಮುಗೀತು. ಬರಹ ನೀವು ಬರೀರಿ, ನಿಮ್ ಕೈ ಚೆನ್ನಾಗಿದೆ."

ಹಿರಿಯಕ್ಕ ಮೆಲ್ಲಗೆ ಹೇಳಿದರು: "ಅವಳ ಹೆಸರು ಹೋದ್ರೆ ನಾನೂ ಹೋದ್ನಲ್ಲಮ್ಮ."

ನಾನು ಬರೆದೆ. ಹಿರಿಯಕ್ಕನಿಗಾಗಿ ಬರೆದೆ ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ನನಗೂ ಮತ್ತೊಂದು ವರ್ಷ ಆ ಇಸ್ತ್ರಿ ಮೇಜಿನ ಮುಂದೆ ಕೂರುವುದು ಬೇಡವಾಗಿತ್ತು ಎಂಬುದನ್ನು ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ಒಂದೂವರೆಯಿಂದ ಎರಡೂವರೆವರೆಗೆ ನಮ್ಮ ಶಾಲೆಯಲ್ಲಿ ಮಕ್ಕಳು ಮಲಗುವ ಹೊತ್ತು. ಕಿಟಕಿಗಳಿಗೆ ನೀಲಿ ಬಟ್ಟೆ ಎಳೆದು, ಇಪ್ಪತ್ತಾರು ಚಾಪೆಗಳ ನಡುವಿನ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೊತ್ತಿ ಕೂತು ನಾನು ಗುಬ್ಬಿಯಾಗುತ್ತಿದ್ದೆ. ಮೊದಲ ಬರಹಕ್ಕೆ ಒಂದು ಗಂಟೆ ಹಿಡಿಯಿತು. ಅವಳು ಹಿಂದೆ ಬರೆದದ್ದನ್ನೆಲ್ಲ ಓದಿದೆ. ಅವಳು ದೊಡ್ಡ ಮಾತು ಆಡುವುದಿಲ್ಲ. ಯಾವುದೋ ಒಂದು ಮಗುವಿನಿಂದ ಶುರುಮಾಡುತ್ತಾಳೆ, ಆ ಮಗು ಏನೋ ಎಡವಟ್ಟು ಮಾಡುತ್ತದೆ, ಕೊನೆಗೆ "ನಂಗೇ ಪಾಠ ಆಯ್ತು" ಎನ್ನುತ್ತಾಳೆ. ನನ್ನ ತರಗತಿಯ ಮಗುವೊಂದನ್ನು ಅವಳ ತರಗತಿಗೆ ಕಳಿಸಿದೆ. ಬಣ್ಣದ ಕಡ್ಡಿ ತಿಂದ ಮಗು. ಆ ಸಂಜೆ ಅವಳ ಹೆಸರಿನ ಮುಂದೆ ಹಸಿರು ಚುಕ್ಕೆ ಬಿತ್ತು.

ಮುಂದಿನ ವಾರವೂ ಅವಳು ಬರಲಿಲ್ಲ. ಅವಳ ಕೆಲಸದ ಶಾಲೆಗೆ ಫೋನ್ ಮಾಡಿದೆ. "ಅವ್ರು ಬಿಟ್ರಲ್ಲ. ಯಜಮಾನ್ರು ಬಂದು ರಾಜೀನಾಮೆ ಕೊಟ್ಟು ಹೋದ್ರು," ಎಂದಳು ಆಫೀಸಿನ ಹುಡುಗಿ, ಬೇರೆ ಏನೂ ಗೊತ್ತಿಲ್ಲ ಎಂಬಂತೆ. ಎರಡು ದಿನದ ಮೇಲೆ ಗುಬ್ಬಿಯ ನಂಬರಿನಿಂದ ಸಂದೇಶ ಬಂತು: "ಕುಟುಂಬದ ಕಾರಣದಿಂದ ಹೊರಗಡೆ ಇದ್ದೇನೆ. ತಾವು ಪದೇ ಪದೇ ಕರೆ ಮಾಡುವುದು ಬೇಡ."

ನನ್ನನ್ನು ಅವಳು ಯಾವತ್ತೂ ತಾವು ಎಂದವಳಲ್ಲ. ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ. ಅದನ್ನು ಬರೆದದ್ದು ಅವಳಲ್ಲ ಎಂದು ನನಗೆ ಗೊತ್ತಿತ್ತು. ಮೇಷ್ಟ್ರಿಗೆ ಓದಿ ಹೇಳಿದೆ.

"ನೋಡಿ, ಚೆನ್ನಾಗಿದಾರೆ. ಉತ್ತರ ಬಂತಲ್ಲ," ಎಂದರು ಅವರು.

ಬಂತಲ್ಲ, ಎಂದೆ ನಾನೂ. ನೂರು ಸಲ ಬಾಗಿಲು ಎಳೆದು ನೋಡಿ ಮಲಗುವ ನಾನು, ಆ ಒಂದು ಬಾಗಿಲನ್ನು ಎಳೆದು ನೋಡಲಿಲ್ಲ. ಎಳೆದರೆ ತೆರೆದುಕೊಂಡೀತು ಎಂಬ ಹೆದರಿಕೆ.

ಹನ್ನೊಂದು, ಹನ್ನೆರಡು, ಹದಿಮೂರು. ವಾರ ಕಳೆದಂತೆ ಕೈ ಪಳಗಿತು. ಗುಬ್ಬಿಯಾಗಿ ಬರೆಯಲು ಹತ್ತು ನಿಮಿಷ ಸಾಕಾಗುತ್ತಿತ್ತು. ನಾನಾಗಿ ಬರೆಯಲು ಎರಡು ದಿನ. ನಾನು ಬರೆದದ್ದಕ್ಕೆ ಮೇಡಂ "ಸರಿ" ಎಂದು ಹಾಕುವರು. ಗುಬ್ಬಿಗೆ ನಾಲ್ಕು ಸಾಲು ಬರೆಯುವರು: "ನಿಮ್ಮ ತರಗತಿ ಕಣ್ಣಿಗೆ ಕಟ್ಟುತ್ತದೆ. ಈ ನಡುವೆ ನಿಮ್ಮ ಬರವಣಿಗೆ ಮಾಗಿದೆ." ಅದನ್ನು ಓದಿದ ದಿನ ನನಗೆ ಖುಷಿಯಾಯಿತು. ಅತ್ತಿಗೆ "ಏನೇ, ಮುಖ ಹಿಗ್ಗಿದೆ, ಗಂಡು ಗಿಂಡು ಸಿಕ್ಕಿದಾನಾ?" ಎಂದರು. ಆ ಖುಷಿಯನ್ನು ನಾನು ಕ್ಷಮಿಸಿಕೊಂಡಿಲ್ಲ.

ಕೆಲವು ವಾರ ನನಗೆ ಶಾಲೆಯ ಕೆಲಸ ಹೆಚ್ಚಿದಾಗ ಮೇಷ್ಟ್ರು ಬರೆಯುವರು. ಅವರಿಗೆ ಎಲ್ಲವೂ ಆಟ. ಒಮ್ಮೆ ಗುಬ್ಬಿಯ ಹೆಸರಿನಲ್ಲಿ, "ಕನ್ನಡಕದ ಟೀಚರ್ ಬರಹ ಓದಿ ನಿದ್ದೆ ಬಂತು, ನಮ್ ಮಕ್ಕಳಿಗೂ ಓದಿ ಮಲಗಿಸ್ತೀನಿ" ಎಂದು ಹಾಕಿದ್ದರು. ಹಾಗಾಗಿ ಅವರು ಹಾಕಿದ್ದನ್ನೆಲ್ಲ ನಾನು ಹಿಂದೆಯೇ ಹೋಗಿ ತಿದ್ದುತ್ತಿದ್ದೆ. ಮೇಡಂ ಪುಟವನ್ನು ನೋಡುವುದು ಶನಿವಾರ. ಅಷ್ಟರೊಳಗೆ ಎಲ್ಲ ಚೊಕ್ಕವಾಗಿರಬೇಕು.

ಹದಿನಾರನೇ ಶನಿವಾರ ನಾಲ್ಕಕ್ಕೆ ನಾವು ಕೂತಾಗ ಐದು ಚೌಕಗಳಿದ್ದವು. ಹಿರಿಯಕ್ಕ, ಈಗ ಹಣೆಯಿಂದ ಗಲ್ಲದವರೆಗೆ ಕಾಣುವಂತೆ ಕೂರಲು ಕಲಿತವರು. ಮೇಷ್ಟ್ರು. ನಾನು. ಮೇಡಂ. ಮತ್ತು ಗುಬ್ಬಿಯ ಹೆಸರು ಹೊತ್ತ ಒಂದು ಕಪ್ಪು ಚೌಕ. ಅದು ಮೇಷ್ಟ್ರ ಹೆಂಡತಿಯ ಫೋನು, ಅವರ ಮೇಜಿನ ಮೇಲೆ ಕವುಚಿ ಬಿದ್ದಿದ್ದು.

ಮೇಡಂ ಅವತ್ತು ಪಾಠ ಶುರುಮಾಡಲಿಲ್ಲ. ಕಪ್ಪು ಚೌಕವನ್ನು ನೋಡಿ ಮಾತಾಡಿದರು.

"ಅಮ್ಮಾ, ನೀವಿರೋದು ಒಳ್ಳೇದಾಯ್ತು. ನಿಮ್ಮಕ್ಕ ಬೆಳಿಗ್ಗೆ ಫೋನ್ ಮಾಡಿದ್ರು. ತುಂಬ ಅಳ್ತಿದಾರೆ. ನೀವು ಮನೆ ಬದಲಾಯಿಸಿರೋದು ಅವ್ರಿಗೆ ಗೊತ್ತಿಲ್ವಂತೆ. ಎಲ್ಲಿದೀರ ಈಗ?"

ಕಪ್ಪು ಚೌಕ ಸುಮ್ಮನಿತ್ತು.

"ಮಾತಾಡೋಕಾಗ್ದೇ ಇದ್ರೆ ಬರೀರಿ. ನೋಡಿ, ನೀವು ಮೊದಲ್ನೇ ತಿಂಗಳು ನನ್ಗೆ ಹೇಳಿದ್ದು ನಾನು ಮರೆತಿಲ್ಲ. ಒಂದು ವಾರ ನಾನು ಕಾಣ್ದೇ ಇದ್ರೆ ಮನೆಗೆ ಫೋನ್ ಮಾಡ್ಬೇಡಿ, ಅಕ್ಕನಿಗೆ ಮಾಡಿ ಅಂದಿದ್ರಿ. ಅಕ್ಕನಿಗೂ ಹೇಳಿಟ್ಟಿದ್ರಂತೆ, ಮೇಡಂ ಫೋನ್ ಬಂದ್ರೆ ತಕ್ಷಣ ಹೊರಟು ಬಾ ಅಂತ. ನಾನು ಪ್ರತಿ ಶನಿವಾರ ಮೊದಲು ನಿಮ್ಮ ಚುಕ್ಕೇನೇ ನೋಡ್ತೀನಿ. ಪ್ರತಿ ವಾರ ಇದೀರ. ಐದು ವಾರದ ಹಿಂದೆ ಅವ್ರೇ ತಡೀಲಾರ್ದೆ ಫೋನ್ ಮಾಡಿದಾಗ್ಲೂ, ಬರ್ತಿದಾರಮ್ಮ, ಚೆನ್ನಾಗಿ ಬರೀತಿದಾರೆ ಅಂತ ನಾನೇ ಧೈರ್ಯ ಹೇಳ್ದೆ."

ಇಸ್ತ್ರಿ ಮೇಜಿನ ಬಟ್ಟೆಯನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಹಿರಿಯಕ್ಕನ ಬಾಯಿ ತೆರೆದು ಮುಚ್ಚಿತು. ಅವರು ಮ್ಯೂಟ್ ಆಗಿದ್ದರು.

"ಅಕ್ಕ ಪೊಲೀಸ್ ಸ್ಟೇಷನ್‌ಗೆ ಹೋದ್ರೆ ದೂರು ತಗೋತಿಲ್ವಂತೆ," ಮೇಡಂ ಹೇಳುತ್ತಲೇ ಇದ್ದರು. "ಗಂಡ ಹೆಂಡ್ತಿ ಮನೆ ಬದಲಾಯಿಸಿದಾರೆ, ಆಕೆ ವಾರವಾರ ಕ್ಲಾಸಿಗೆ ಬರ್ತಿದಾಳೆ ಅಂತ ನೀವೇ ಹೇಳ್ತೀರಿ, ಇದರಲ್ಲಿ ಕಾಣೆಯಾದೋರು ಯಾರು ಅಂತ ಕೇಳಿದ್ರಂತೆ. ಒಂದೇ ಒಂದು ಮಾತು ಆಡಿ ತಾಯಿ. ನಾನು ಅಕ್ಕನಿಗೆ ಹೇಳ್ತೀನಿ."

ಆಗ ಕಪ್ಪು ಚೌಕ ಮಾಯವಾಯಿತು. ಮೇಷ್ಟ್ರ ಭುಜ ಅಲುಗಿದ್ದನ್ನು ನಾನು ನೋಡಿದ್ದೆ. ಕೈಚಾಚಿ ಆ ಫೋನನ್ನು ಆರಿಸಿದ್ದರು.

"ಹೋದ್ರು," ಎಂದರು ಮೇಡಂ. ಅವರ ಮುಖ ಬಿಳಿಚಿಕೊಂಡಿತ್ತು. "ಯಾಕೆ ಹೋದ್ರು? ನಾನೇನಾದ್ರೂ ತಪ್ಪು ಮಾತಾಡಿದ್ನಾ?"

ಹಿರಿಯಕ್ಕ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ವಿಡಿಯೋದಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಎಂದು ಹೇಳಲಾಗುವುದಿಲ್ಲ. ಇಪ್ಪತ್ತೆಂಟು ವರ್ಷ ಕಲಿಸಿದವರು. ನಾನು ಬಾಯಿ ಬಿಟ್ಟರೆ ಅವರು ಸಹಾಯಕಿ. ಮ್ಯೂಟ್ ತೆಗೆಯಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅತ್ತಿಗೆ ಒಳಕೋಣೆಯಲ್ಲಿ ಹೊಲಿಗೆ ನಿಲ್ಲಿಸಿದ್ದರು.

"ಅದು ಅವಳಲ್ಲ ಮೇಡಂ," ಎಂದೆ. "ಎಂಟು ವಾರದಿಂದ ಅವಳಲ್ಲ."

"ಮತ್ಯಾರು?"

"ನಾವು."

ಅವರಿಗೆ ಅರ್ಥವಾಗಲು ನಾನು ಮೂರು ಸಲ ಹೇಳಬೇಕಾಯಿತು. ಮೇಷ್ಟ್ರು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಎಲ್ಲ ಕೇಳಿದ ಮೇಲೆ ಮೇಡಂ ಬೈಯಲಿಲ್ಲ. "ನಾನು ನೋಡ್ತಾನೇ ಇದ್ದೆ," ಎಂದರು, ತಮಗೆ ತಾವೇ. "ಪ್ರತಿ ವಾರ ನೋಡ್ತಾನೇ ಇದ್ದೆ."

ಸೋಮವಾರದೊಳಗೆ ತಂಡ ರದ್ದಾಯಿತು. ಮೇಡಂ ಸ್ಟೇಷನ್ನಿಗೆ ಬರೆದುಕೊಟ್ಟರು, ದೂರು ದಾಖಲಾಯಿತು. ಮನೆಯ ಮಾಲೀಕರನ್ನು ಕೇಳಿದಾಗ ದಿನಾಂಕ ಸಿಕ್ಕಿತು. ಗುಬ್ಬಿಯ ಗಂಡ ಸಾಮಾನು ಹೇರಿಸಿದ್ದು ನಮ್ಮ ಹನ್ನೆರಡನೇ ವಾರದ ಶುಕ್ರವಾರ. ಲಾರಿಯ ಮುಂದಿನ ಸೀಟಿನಲ್ಲಿ ಅವಳು ಕೂತಿದ್ದನ್ನು ಕೆಳಮನೆಯವರು ಕಂಡಿದ್ದರು. ಅಂದರೆ ಒಂಬತ್ತು, ಹತ್ತು, ಹನ್ನೊಂದು, ನಾನು ಬಣ್ಣದ ಕಡ್ಡಿ ತಿಂದ ಮಗುವಿನ ಕತೆ ಕಟ್ಟುತ್ತಿದ್ದ ಅಷ್ಟೂ ವಾರ ಅವಳು ಅದೇ ವಿಳಾಸದಲ್ಲಿ, ಅಕ್ಕನಿಗೆ ಗೊತ್ತಿದ್ದ ಅದೇ ಮನೆಯಲ್ಲಿ ಇದ್ದಳು. ಒಂದು ಚುಕ್ಕೆ ಬೀಳದಿದ್ದರೆ ಸಾಕಿತ್ತು. ಶುಕ್ರವಾರದ ನಂತರ ಲಾರಿ ಎಲ್ಲಿಗೆ ಹೋಯಿತು ಎಂದು ಹೇಳುವವರು ಯಾರೂ ಇಲ್ಲ.

ಹಿರಿಯಕ್ಕನಿಗೆ ಫೋನ್ ಮಾಡಿದೆ.

"ತಪ್ಪು ಮಾಡ್ದೆ ಅನ್ಬೇಡ," ಎಂದರು. "ನೀನು ಹೇಳ್ದೇ ಇದ್ದಿದ್ರೆ ನಾನೇ ಹೇಳ್ತಿದ್ದೆ ಅಂತ ಅನ್ಕೊಂಡಿದೀನಿ. ಹೇಳ್ತಿದ್ನೋ ಇಲ್ವೋ, ದೇವ್ರಿಗೇ ಗೊತ್ತು." ಆಮೇಲೆ: "ಚಾಪೆ ಹಾಸೋದೇನು ಹೊಸಾ ಕೆಲ್ಸಾನಾ ನನ್ಗೆ. ಮುಂದಿನ ವರ್ಷಕ್ಕೆ ಅಂತ ಈಗ್ಲೇ ಹೊಸಾ ಟೀಚರ್ ಬಂದಿದಾಳೆ, ಚಿಕ್ಕ ಹುಡ್ಗಿ. ನನ್ನ ಆಂಟಿ ಅಂತಾಳೆ." ಮತ್ತೆ, ಫೋನ್ ಇಡುವ ಮುಂಚೆ: "ಆ ಮಗು ನನ್ಗೋಸ್ಕರ ಕಂಡುಹಿಡಿದ ಉಪಾಯ ಕಣಮ್ಮ ಅದು. ನನ್ಗೋಸ್ಕರ."

ಹೇಳಿಕೆ ಕೊಡಲು ನಾನು ಗುಬ್ಬಿಯ ಊರಿಗೆ ಹೋದೆ. ಅಣ್ಣ ಬರುತ್ತೇನೆಂದ, ಬೇಡವೆಂದೆ. ಬಸ್ಸಿನಲ್ಲಿ ಆರು ಗಂಟೆಯ ದಾರಿ. ಸ್ಟೇಷನ್ನಿನ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದವರು ಗುಬ್ಬಿಯ ಅಕ್ಕ ಎಂದು ಯಾರೂ ಹೇಳಬೇಕಿರಲಿಲ್ಲ. ಬಾಗಿಲ ಸದ್ದಿಗೆ ತಲೆಯೆತ್ತಿ, ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ ನೋಡಿದರು. ನಾನು ಹೆಸರು ಹೇಳಿದೆ. ಅವರು ತಲೆಯಾಡಿಸಿದರು, ಅಷ್ಟೆ.

ಒಳಗೆ ಅಧಿಕಾರಿ ಕೋರ್ಸಿನವರು ಕಳಿಸಿದ ಕಾಗದಗಳ ಕಂತೆಯನ್ನು ಮೇಜಿನ ಮೇಲಿಟ್ಟರು. ಒಂಬತ್ತನೇ ವಾರದಿಂದ ಗುಬ್ಬಿಯ ಹೆಸರಿನಲ್ಲಿ ಬಂದ ಪ್ರತಿ ಸಾಲು, ದಿನ, ಗಂಟೆ, ನಿಮಿಷ, ಯಾವ ಫೋನಿನಿಂದ ಎಂಬ ಅಂಕಿ. ತಿದ್ದಿದ್ದು, ಅಳಿಸಿದ್ದು ಕೂಡ. ಅಳಿಸಿದ್ದು ಎಲ್ಲಿಯೂ ಹೋಗಿರುವುದಿಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ನೀವು ಬರೆದದ್ದರ ಮುಂದೆ ಒಂದು ಗುರುತು, ಆ ಮೇಷ್ಟ್ರು ಬರೆದದ್ದರ ಮುಂದೆ ಇನ್ನೊಂದು ಗುರುತು ಹಾಕಿ ಅಮ್ಮಾ," ಎಂದರು. ವಯಸ್ಸಾದವರು, ಶೀತವಾಗಿ ಮೂಗು ಕಟ್ಟಿತ್ತು. "ನಿಧಾನಕ್ಕೆ ನೋಡಿ. ಅರ್ಜೆಂಟಿಲ್ಲ."

ನಾನು ಹಾಕುತ್ತಾ ಹೋದೆ. ನನ್ನದು, ನನ್ನದು, ಮೇಷ್ಟ್ರದು, ನನ್ನದು. ಹನ್ನೆರಡನೇ ವಾರದ ಬುಧವಾರದಲ್ಲಿ ಪೆನ್ನು ನಿಂತಿತು.

ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷ. "ಮೇಡಂಗೆ ಹೇಳಿ ನಾನು ಬರ್ತಾ ಇಲ್ಲ ಅಂತ. ಇಲ್ಲಿ ಬರೀತಿರೋದು ನಾನಲ್ಲ. ಚುಕ್ಕೆ ಹಾಕ್ಬೇಡಿ ಪ್ಲೀಸ್."

ನನಗೆ ಅದು ಚೆನ್ನಾಗಿ ನೆನಪಿತ್ತು. ಮಕ್ಕಳು ಮಲಗಿದ್ದರು. ಪುಟ ತೆರೆದೆ, ಇದನ್ನು ಕಂಡೆ. ಮೇಷ್ಟ್ರ ತಮಾಷೆ ಮಿತಿ ಮೀರಿತು ಎಂದುಕೊಂಡೆ. ಮೇಡಂ ಏನಾದರೂ ಇವತ್ತೇ ಪುಟ ನೋಡಿಬಿಟ್ಟರೆ ನಾಲ್ವರೂ ಮುಳುಗಿದೆವು ಎಂದು ತಕ್ಷಣ ಅಳಿಸಿದೆ. ಆ ಜಾಗದಲ್ಲಿ ಗುಬ್ಬಿಯ ಹಾಗೆ ಆರು ಸಾಲು ಬರೆದು ಹಾಕಿದೆ, ಒಂದೇ ಶೂವನ್ನು ಎರಡು ಕಾಲಿಗೂ ಹಾಕಿಕೊಳ್ಳಲು ಹೊರಟ ಹುಡುಗಿಯ ಕತೆ. ಆಮೇಲೆ ಮೇಷ್ಟ್ರಿಗೆ, "ಇಂಥ ಹುಡುಗಾಟ ಇನ್ನೊಮ್ಮೆ ಬೇಡ" ಎಂದು ಸಂದೇಶ ಕಳಿಸಿದೆ. ಅವರು ಕೈಮುಗಿದ ಚಿತ್ರ ಕಳಿಸಿದ್ದರು. ಯಾವ ಹುಡುಗಾಟ ಎಂದು ಅವರು ಕೇಳಲಿಲ್ಲ. ಅಷ್ಟು ಹುಡುಗಾಟ ಮಾಡಿದವರಿಗೆ ಕೇಳುವ ಅಗತ್ಯ ಕಾಣಲಿಲ್ಲವೇನೋ.

"ಇದು ಆ ಮೇಷ್ಟ್ರ ಫೋನಿಂದ ಬಂದಿದ್ದಲ್ಲ," ಎಂದರು ಅಧಿಕಾರಿ. "ನಿಮ್ಮದೂ ಅಲ್ಲ. ಕೆಳಮನೆ ಹೆಂಗಸಿನ ಫೋನು. ಒಂದ್ನಿಮಿಷ ಕೊಡಿ ಅಂತ ಇಸ್ಕೊಂಡಿದ್ದಳಂತೆ. ಇದು ನೀವು ಬರೆದಿದ್ದಾ?"

"ಅಲ್ಲ."

"ಅಳಿಸಿದ್ದು?"

"ನಾನು."

ಅವರು ಅದನ್ನು ಬರೆದುಕೊಂಡರು. ಮೂಗು ಒರೆಸಿಕೊಂಡು, "ಇಲ್ಲಿ ಸಹಿ ಮಾಡಿ," ಎಂದರು.

ಪಡಸಾಲೆಗೆ ಬಂದಾಗ ಅಕ್ಕ ಎದ್ದು ನಿಂತರು.

"ಏನಾದ್ರೂ ಸಿಕ್ತಾ?"

ನಾನು ಮಾತನ್ನು ಅಳೆದು ಆಡುವವಳು. ಇದನ್ನು ಹೇಗೆ ಹೇಳಿದರೂ ಕಡಿಮೆ ನೋಯುವ ದಾರಿ ಇರಲಿಲ್ಲ. ಆ ಮೂರು ಸಾಲನ್ನು ಇದ್ದಹಾಗೆ ಹೇಳಿದೆ. ಅದನ್ನು ನಾನು ಅಳಿಸಿದೆ ಎಂದೂ ಹೇಳಿದೆ.

"ನನ್ನ ಯಾಕೆ ಕರೀಲಿಲ್ಲ ಅವ್ಳು?" ಎಂದರು. ತಾವೇ ಉತ್ತರವನ್ನೂ ಹೇಳಿಕೊಂಡರು: "ನನ್ನ ನಂಬರ್ ಅವ್ಳಿಗೆ ಬಾಯಿಪಾಠ ಇಲ್ಲ. ಈಗ ಯಾರಿಗೆ ಯಾರ ನಂಬರ್ ಬಾಯಿಪಾಠ ಇರತ್ತೆ." ನಿಮ್ಮ ಪಾಸ್‌ವರ್ಡ್ ಅವಳಿಗೆ ಬಾಯಿಪಾಠ ಇತ್ತು ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

"ಅಳಿಸಿದ್ದು ಎಷ್ಟು ಹೊತ್ತಿಗೆ?"

"ಎರಡು ಇಪ್ಪತ್ತಕ್ಕೆ. ಎಂಟು ನಿಮಿಷ ಆದ್ಮೇಲೆ."

"ಅವ್ಳು ಅಷ್ಟೊತ್ತಿಗೆ ಫೋನ್ ವಾಪಸ್ ಕೊಟ್ಟಿರ್ತಾಳೆ ಅಲ್ವಾ? ಅಳಿಸಿದ್ದು ಅವ್ಳು ನೋಡಿರಲ್ಲ ಅಲ್ವಾ?"

ಕಾಗದದಲ್ಲಿ ಆ ಫೋನಿನ ಲೆಕ್ಕವೂ ಇತ್ತು. ಒಳಗೆ ಬಂದದ್ದು ಎರಡು ಹತ್ತಕ್ಕೆ. ಹೊರಗೆ ಹೋದದ್ದು ಎರಡು ಮೂವತ್ತೊಂದಕ್ಕೆ. ನಾನು ಅಳಿಸಿದಾಗ ಅವಳು ಅಲ್ಲೇ ಇದ್ದಳು. ಶೂವಿನ ಕತೆಯನ್ನು ನಾನು ಹಾಕಿದಾಗಲೂ ಇದ್ದಳು. ತನ್ನ ಹೆಸರಿನ ಕೆಳಗೆ ಅದು ಒಂದೊಂದೇ ಸಾಲು ತುಂಬಿಕೊಳ್ಳುವುದನ್ನು, ಯಾರದೋ ಮನೆಯ ಬಾಗಿಲಲ್ಲಿ ನಿಂತು, ಒಂದು ಕಿವಿಯನ್ನು ಮೇಲಿನ ಮಹಡಿಗೆ ಕೊಟ್ಟು ಓದಿರಬೇಕು. ಬರೆಯುತ್ತಿರುವುದು ಯಾರೆಂದು ಅವಳಿಗೆ ಖಂಡಿತ ಗೊತ್ತಾಗಿರುತ್ತದೆ. ಮತ್ತೊಮ್ಮೆ ಬರೆಯಲು ಅವಳಿಗೆ ಹನ್ನೊಂದು ನಿಮಿಷ ಇತ್ತು. ಬರೆಯಲಿಲ್ಲ.

ಇಲ್ಲ ಎನ್ನಬಹುದಿತ್ತು. ಆ ಹೆಂಗಸಿನ ಮುಖ ನೋಡಿದರೆ ಯಾರಾದರೂ ಇಲ್ಲ ಎನ್ನುತ್ತಿದ್ದರು. ಆದರೆ ಇದೇ ಬಗೆಯ ಕರುಣೆಯನ್ನು ನಾನು ಎಂಟು ವಾರ ಮಾಡಿದ್ದೆ.

"ನೋಡಿದಾಳೆ ಅಕ್ಕ," ಎಂದೆ.

ಅವರು ಬೆಂಚಿನ ಮೇಲೆ ಕುಳಿತರು. ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಜಾಗ ನನಗೆಂದು ಮಾಡಿದ್ದೋ, ಚೀಲವನ್ನು ಹಿಡಿದುಕೊಳ್ಳಲು ಬೇಕಿತ್ತೋ ತಿಳಿಯಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು. ನಾನು ನಿಂತೇ ಇದ್ದೆ.